ನರಕದ ಹಬೆಯಲ್ಲಿ ರವೆ ಇಡ್ಲಿ

ಸಸ್ಯಾಹಾರಿ ಜಪಾನಿನ ಬಿಸಿನೀರಿನ ಊರಿಗೆ ಹೋದರೆ ಸ್ನಾನ ಮಾಡಿ ಉಪವಾಸ ಬರಬೇಕು ಅಂತ ನಮ್ಮ ಗುಂಪಿನವರು ನಗುತ್ತಿದ್ದರು. ಮೊದಲ ಸಲ ಹಾಗೇ ಆಯಿತು. ಎರಡು ಹೊತ್ತಿನ ಊಟ ಸೇರಿ ಒಂದು ರಾತ್ರಿಗೆ 18 ಸಾವಿರ ಯೆನ್ ಸುರಿದೆ. ಮೀನು ಬೇಡ ಅಂದದ್ದಕ್ಕೆ ತುಂಡು ಎತ್ತಿಟ್ಟರು, ಸಾರಿನಲ್ಲಿ ದಾಶಿ, ಅಂದರೆ ಒಣಮೀನಿನ ರಸ, ಹಾಗೇ ಇತ್ತು. ಬರೀ ಅನ್ನ ಉಪ್ಪಿನಕಾಯಿ ತಿಂದು ಮಲಗಿದೆ.

ಈ ಸಲ ಬೆಪ್ಪು ಎಂಬ ಬಿಸಿನೀರಿನ ಊರಿನ ಕನ್ನಾವಾ ಬಡಾವಣೆ ಹಿಡಿದೆ. ಹಕಾತಾದಿಂದ ರೈಲಿನಲ್ಲಿ ಎರಡು ಗಂಟೆ, ಆಮೇಲೆ ಸಿಟಿ ಬಸ್ಸು. ಅಲ್ಲಿ ಚರಂಡಿ ಸಂದಿಯಿಂದಲೂ ಹಬೆ ಏಳುತ್ತದೆ. ಸ್ನಾನಕ್ಕೆಂದು ದಿನಗಟ್ಟಲೆ ಉಳಿಯುವವರು ತಾವೇ ಬೇಯಿಸಿಕೊಳ್ಳುವ ಹಳೇ ಬಾಡಿಗೆ ಕೋಣೆಗಳಿವೆ, ‘ಕಾಶಿಮಾ’ ಅಂತಾರೆ. (ನಮ್ಮ ಕಾಶಿಗೂ ಇದಕ್ಕೂ ಸಂಬಂಧವಿಲ್ಲ.) ರಾತ್ರಿಗೆ ನಾಲ್ಕೂವರೆ ಸಾವಿರ ಯೆನ್ ಆಸುಪಾಸು. ಹಿತ್ತಲಲ್ಲಿ ‘ಜಿಗೋಕು-ಗಾಮಾ’, ನರಕದ ಒಲೆ. ಗ್ಯಾಸಿಲ್ಲ, ಸೌದೆಯಿಲ್ಲ, ನೆಲದೊಳಗಿನ ಹಬೆಯೇ ನೂರು ಡಿಗ್ರಿ ಹತ್ತಿರ.

ಸಿಹಿಗುಂಬಳ, ಗೆಣಸು, ಜೋಳ ಮೊದಲ ದಿನವೇ ಗೆದ್ದವು. ಹಬೆಯಲ್ಲೇ ತುಸು ಉಪ್ಪಿದೆ, ಬೇರೆ ಹಾಕಬೇಡಿ. ಸೋತದ್ದು ಇಡ್ಲಿ. ಊರಿಂದ ಒಯ್ದ ರವೆ ಇಡ್ಲಿ ಮಿಕ್ಸ್ ಪುಡಿಗೆ ಅಂಗಡಿಯಿಂದ ಮೊಸರು ತಂದೆ, ನೋಡಿದರೆ ಸಕ್ಕರೆ ಹಾಕಿದ್ದು! ಸಾಸಿವೆ ಒಗ್ಗರಣೆಯ ಸಿಹಿ ಇಡ್ಲಿ ಯಾರಿಗೆ ಬೇಕು? ಮನೆಯೊಡತಿ ಅಜ್ಜಿ ಮಾತ್ರ ಎರಡು ತಿಂದರು. ಎರಡನೇ ದಿನ ಸಪ್ಪೆ ಮೊಸರು ಸಿಕ್ಕಿತು, ಆದರೆ ಮುಚ್ಚಳದ ನೀರು ತೊಟ್ಟಿಕ್ಕಿ ಇಡ್ಲಿ ಗಂಜಿಯಾಯಿತು. ಮೂರನೇ ದಿನ ಟೀ ಬಟ್ಟಲಲ್ಲಿ ಹುಯ್ದು, ತೆನುಗುಯಿ ಎಂಬ ತೆಳು ಹತ್ತಿ ಬಟ್ಟೆ ಹೊದಿಸಿ, ಹಬೆಯ ತಿರುಪನ್ನು ನಡುವೆ ಒಮ್ಮೆ ಇಳಿಸಿದೆ. ಯಾವಾಗ, ಎಷ್ಟು ಅಂತ ಕೇಳಬೇಡಿ, ಅದು ನನ್ನ ಬಳಿಯೇ ಇರಲಿ. ಹತ್ತಿಯಂಥ ಇಡ್ಲಿ ಬಂತು.

ನಡುವೆ ‘ಮುಶಿಯು’ ಎಂಬ ಹಬೆಸ್ನಾನದ ಕೋಣೆಗೂ ನುಗ್ಗಿದೆ, ಸುಮಾರು 700 ಯೆನ್. 1276ರಲ್ಲಿ ಇಪ್ಪೆನ್ ಎಂಬ ಸನ್ಯಾಸಿ ಶುರುಮಾಡಿದ್ದಂತೆ. ಬಗ್ಗಿ ಒಳಹೋಗಿ ಸೆಕಿಶೋ ಎಂಬ ಸೊಪ್ಪಿನ ಮೇಲೆ ಮಲಗಬೇಕು, ಎಂಟು ನಿಮಿಷವಷ್ಟೇ. ವಾಸನೆ ಎಲ್ಲೋ ಕಂಡದ್ದೆನಿಸಿತು. ನಮ್ಮ ಬಜೆ! ಅದರದೇ ಜಾತಿಯ ಗಿಡ. ನಮ್ಮ ಮನೆಯಲ್ಲಿ ಮಗುವಿಗೆ ಅಜ್ಜಿ ತೇಯ್ದು ನೆಕ್ಕಿಸುತ್ತಿದ್ದ ಘಾಟನ್ನು ಜಪಾನಿನಲ್ಲಿ ಬೆನ್ನಡಿ ಹಾಸಿಕೊಂಡು ಬೆವರಿದೆ.

ಮೂರು ರಾತ್ರಿ, ಊಟ, ಸ್ನಾನ ಎಲ್ಲ ಸೇರಿ 17 ಸಾವಿರ ಯೆನ್ ದಾಟಲಿಲ್ಲ, ರೈಲಿನ ದುಡ್ಡು ಬಿಟ್ಟು. ನಕ್ಕವರಿಗೆ ಇಡ್ಲಿಯ ಫೋಟೊ ಕಳಿಸಿದೆ.

ಹೊರಡುವ ಬೆಳಿಗ್ಗೆ ಮನೆಯೊಡತಿ ಅಜ್ಜಿಗೂ ಗೆದ್ದ ಇಡ್ಲಿ ಕೊಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡು, ಮೊದಲ ದಿನದ್ದು ಉಳಿದಿದೆಯಾ ಅಂತ ಕೇಳಿದರು.