ಕಾಫಿ ಹೂವಿನಿಂದ ಅಮೂರ್ತ ಚಿತ್ರಕ್ಕೆ

ಮೂಡಿಗೆರೆ ಕಡೆಯ ರೊಬಸ್ಟಾ ಕಾಫಿ ತೋಟಗಳು ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದ ಸುಮಾರು ಎಂಟು-ಹತ್ತು ದಿನಗಳಲ್ಲಿ ಒಮ್ಮೆಗೇ ಬೆಳ್ಳಗಾಗಿ, ಎರಡು-ಮೂರು ದಿನಗಳಲ್ಲೇ ಮಂಕಾಗುತ್ತವೆ. ಆ ನೋಟವನ್ನು ಚಿತ್ರಿಸಲು ಹೊರಟಾಗ ನನ್ನನ್ನು ಸೆಳೆದದ್ದು ಎಸಳುಗಳಲ್ಲ, ರೆಕ್ಕೆಯುದ್ದಕ್ಕೂ (ಕಾಫಿ ಗಿಡದ ಅಡ್ಡಕೊಂಬೆ) ಗಿಣ್ಣುಗಿಣ್ಣಿಗೆ ಮುತ್ತಿಕೊಂಡ ಹೂಗೊಂಚಲುಗಳ ನಡುವೆ ಉಳಿಯುವ ಕಂದು-ಹಸಿರಿನ ಖಾಲಿ ಜಾಗ. ನಾನು ಚಿತ್ರಿಸಿದ್ದು ಆ ಅಂತರವನ್ನೇ. ಹಾಗಾಗಿ ನೋಡಿದವರು "ಹೂವೆಲ್ಲಿ?" ಎಂದು ಕೇಳುವುದು ಸಹಜ.

ತಿಳಿಬಣ್ಣ ಹಚ್ಚಿದರೆ ಚಿತ್ರ ಶಾಂತವಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಎಷ್ಟೋ ಸಲ ಸಪ್ಪೆಯಾಗುತ್ತದೆ, ಅಷ್ಟೆ. ಶಾಂತಿ ಬರುವುದು ಪಕ್ಕಪಕ್ಕದ ಬಣ್ಣಗಳ ಬೆಳಕು-ಕತ್ತಲಿನ ವ್ಯತ್ಯಾಸ ಕಿರಿದಾದಾಗ. ಅದಕ್ಕಾಗಿ ಕ್ಯಾನ್ವಾಸಿಗೆ ಮೊದಲು ರಾ ಅಂಬರ್ ಎಂಬ ಕಂದು ಬೆರೆಸಿದ ಬೂದುಬಣ್ಣ ಬಳಿದು, ಅದರ ಮೇಲೆ ಟೈಟೇನಿಯಂ ಬಿಳಿಯನ್ನು ಒಂದೆಡೆ ಮಣ್ಣುಹಳದಿಯಾದ ಯೆಲ್ಲೋ ಓಕರ್‌ನೊಂದಿಗೆ, ಇನ್ನೊಂದೆಡೆ ಅಲ್ಟ್ರಾಮರೀನ್ ನೀಲಿಯೊಂದಿಗೆ ಬೆರೆಸಿ, ಬಿಸಿಲಿನ ಬಿಳುಪನ್ನೂ ತೋಟದ ಸಿಲ್ವರ್ ಓಕ್ ಮರಗಳ ನೆರಳಿನ ಬಿಳುಪನ್ನೂ ಬೇರೆ ಮಾಡಿಕೊಂಡೆ. ಅಪ್ಪಟ ಬಿಳಿಯನ್ನು ಒಂದೇ ಕಡೆ, ಹೆಬ್ಬೆರಳಿನಷ್ಟಗಲ ಮಾತ್ರ ಇಟ್ಟೆ. ನಾನು ಬಳಸಿದ ಅಕ್ರಿಲಿಕ್ ಬಣ್ಣ ಒಣಗಿದಾಗ ತುಸು ಗಾಢವಾಗುವುದರಿಂದ ಪ್ರತಿ ಮಿಶ್ರಣವನ್ನೂ ಬೇಕಾದುದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಕಲಸಿಕೊಳ್ಳಬೇಕು. ಬೇಸಿಗೆಯಲ್ಲಿ ಬಣ್ಣ ಒಣಗದಂತೆ ಪ್ಯಾಲೆಟ್ (ಬಣ್ಣ ಕಲಸುವ ಹಲಗೆ) ಮೇಲೆ ಆಗಾಗ ನೀರು ಚಿಮುಕಿಸಬೇಕು. ಕಣ್ಣು ಕಿರಿದು ಮಾಡಿ ನೋಡಿದಾಗ ಯಾವ ಅಂಚು ಮೊದಲು ಎದ್ದು ಕಾಣುತ್ತದೆಯೋ ಅದನ್ನು ಒಣ ಕುಂಚದಿಂದ ಸವರಿ ಮೆದುಗೊಳಿಸುತ್ತ ಹೋದೆ.

ಸಮತೋಲನಕ್ಕೆ ಎಡ-ಬಲ ಒಂದೇ ಥರ ಇರಬೇಕಿಲ್ಲ. ಎಡಭಾಗವನ್ನು ಬಹುತೇಕ ತುಂಬಿದ ಬಿಳಿಯ ಹರವಿಗೆ ಎದುರಾಗಿ, ಬಲಗಡೆಯ ಕೆಳ ಅಂಚಿನ ಹತ್ತಿರ ಕಪ್ಪಿಗೆ ಸಮೀಪದ ಒಂದು ಹಸಿರು ತುಣುಕನ್ನಷ್ಟೇ ಇಟ್ಟೆ. ತೂಗುಕೋಲಿನ ಗುಂಡನ್ನು ದೂರ ಸರಿಸಿದಷ್ಟೂ ಅದು ಹೆಚ್ಚು ಭಾರವನ್ನು ತೂಗುವಂತೆ, ಮಧ್ಯದಿಂದ ದೂರವಾದಷ್ಟೂ ಆ ಸಣ್ಣ ಕತ್ತಲೆಯ ತೂಕ ಹೆಚ್ಚುತ್ತಿತ್ತು. ಅದರ ಜಾಗ ಗೊತ್ತುಮಾಡಲು ಬಣ್ಣ ಹಚ್ಚಿದ ಕಾಗದದ ಚೂರನ್ನು ಅಂಟಿಸಿ, ಸರಿಸಿ, ಕ್ಯಾನ್ವಾಸನ್ನು ತಲೆಕೆಳಗು ಮಾಡಿ ನೋಡಿದೆ. ತಲೆಕೆಳಗಾದಾಗ ಗಿಡ, ರೆಕ್ಕೆ ಎಂಬ ನೆನಪು ಅಡ್ಡ ಬರುವುದಿಲ್ಲ, ಬರೀ ತೂಕ ಕಾಣುತ್ತದೆ.

ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹಚ್ಚಿದೆ. ಹೊಳೆಯುವ ವಾರ್ನಿಷ್ ಆಗಿದ್ದರೆ ಕಿಟಕಿಯ ಬೆಳಕು ಅದರಲ್ಲಿ ಪ್ರತಿಫಲಿಸಿ, ಬಿಳಿ-ಬಿಳಿಗಳ ನಡುವೆ ಕಾಪಾಡಿಕೊಂಡಿದ್ದ ಸೂಕ್ಷ್ಮ ವ್ಯತ್ಯಾಸವೇ ಕಾಣದಂತಾಗುತ್ತಿತ್ತು.