ಹರ್ಬೇರಿಯಂ ಹಾಳೆ ಹಾಳಾಗದಂತೆ ಮಾಡುವುದು ಹೇಗೆ

ವಿಶ್ವವಿದ್ಯಾಲಯದ ಹರ್ಬೇರಿಯಂಗೆ (ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಸಂಗ್ರಹ) ನೀವು ಕೊಡುವ ಗಿಡವನ್ನು ಮುಂದೆ ಯಾರು, ಯಾವ ಪ್ರಶ್ನೆ ಇಟ್ಟುಕೊಂಡು ತೆಗೆದು ನೋಡುತ್ತಾರೋ ಈಗ ಹೇಳಲಾಗದು. 1840ರ ದಶಕದಲ್ಲಿ ಐರ್ಲೆಂಡನ್ನು ಹಸಿವಿಗೆ ತಳ್ಳಿದ ಆಲೂಗಡ್ಡೆ ಅಂಗಮಾರಿ ರೋಗಾಣುವಿನ ತಳಿ ಯಾವುದೆಂದು 2013ರಲ್ಲಿ ಗೊತ್ತಾದದ್ದು ಹರ್ಬೇರಿಯಂನ ಒಣ ಎಲೆಗಳ ಡಿಎನ್‌ಎಯಿಂದ. 200 ವರ್ಷಗಳಲ್ಲಿ ಕೆಲವು ಮರಗಳ ಎಲೆಯ ಪತ್ರರಂಧ್ರಗಳು (ಎಲೆ ಗಾಳಿಯಾಡುವ ಸಣ್ಣ ತೂತುಗಳು) ಸುಮಾರು ಶೇ 40ರಷ್ಟು ವಿರಳವಾಗಿವೆ ಎಂದು 1987ರಲ್ಲಿ ಸಸ್ಯವಿಜ್ಞಾನಿ ವುಡ್‌ವರ್ಡ್ ಕಂಡುಕೊಂಡದ್ದೂ ಇಂಥ ಎಲೆಗಳಲ್ಲೇ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರ ಗುರುತು ಅದು.

ಹೂವೋ ಕಾಯೋ ಇರುವ ರೆಂಬೆಯನ್ನೇ ಕತ್ತರಿಸಿ. ಸಣ್ಣ ಗಿಡವಾದರೆ ಬೇರು ಸಮೇತ ಕಿತ್ತು ಮಣ್ಣು ತೊಳೆಯಿರಿ. ಹಾಳೆಯ ಅಳತೆ ಸುಮಾರು 42 × 29 ಸೆಂ.ಮೀ.; ಅದಕ್ಕಿಂತ ಉದ್ದವಿದ್ದರೆ ‘ಎನ್’ ಅಕ್ಷರದಂತೆ ಮಡಚಿ. ಒಂದೆರಡು ಎಲೆಗಳನ್ನು ಮಗುಚಿಡಿ: ರೋಮ, ಗ್ರಂಥಿಗಳು ಹೆಚ್ಚಾಗಿ ಕೆಳಮೈಯಲ್ಲೇ ಇರುತ್ತವೆ, ಅಂಟಿಸಿದ ಮೇಲೆ ಕಾಣುವುದಿಲ್ಲ.

ನ್ಯೂಸ್‌ಪೇಪರ್ ನಡುವೆ ಇಟ್ಟು ಪ್ರೆಸ್ (ಗಿಡವನ್ನು ಚಪ್ಪಟೆಯಾಗಿ ಒತ್ತಿಡುವ ಚೌಕಟ್ಟು) ಬಿಗಿಯಿರಿ. ಮೊದಲ ನಾಲ್ಕು ದಿನ ದಿನಾ ಪೇಪರ್ ಬದಲಿಸಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಎಲೆ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಒಣಗಿದೆಯೇ ಎಂದು ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಇನ್ನೂ ಪಸೆ ಇದೆ.

ಎಲ್ಲಕ್ಕಿಂತ ಮುಖ್ಯ ಲೇಬಲ್. ಒಣಗಿದ ಗಿಡ ತನ್ನ ಎತ್ತರವನ್ನಾಗಲಿ, ಹೂವಿನ ಬಣ್ಣ, ವಾಸನೆ, ಹಾಲಿನಂಥ ರಸವನ್ನಾಗಲಿ ತೋರಿಸದು. ಅವನ್ನು ಗಿಡದ ಎದುರೇ ನಿಂತು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ದಿನಾಂಕ, ಅಕ್ಷಾಂಶ–ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಸುತ್ತಲಿನ ನೆಲ, ನಿಮ್ಮ ಹೆಸರು, ಸಂಗ್ರಹ ಸಂಖ್ಯೆ ಇರಲಿ. ಅದೇ ಸಂಖ್ಯೆ ಪೇಪರ್ ಮೇಲೂ ಇರಬೇಕು, ಇಲ್ಲವಾದರೆ ಗಿಡಗಳು ಅದಲುಬದಲಾಗುತ್ತವೆ. ‘ರಸ್ತೆ ಪಕ್ಕ’ ಎಂದಷ್ಟೇ ಬರೆದರೆ ಆ ಗಿಡವನ್ನು ಯಾರೂ ಮತ್ತೆ ಹುಡುಕಲಾರರು.

ಆಮ್ಲರಹಿತ ದಪ್ಪ ಹಾಳೆಗೆ ಪಿವಿಎ ಎಂಬ ಬಿಳಿ ಅಂಟಿನಿಂದ ಅಂಟಿಸಿ, ದಪ್ಪ ಕಾಂಡವನ್ನು ದಾರದಿಂದ ಹೊಲಿಯಿರಿ. ಸೆಲ್ಲೋಟೇಪ್ ಬೇಡ, ಹಳದಿಯಾಗಿ ಉದುರುತ್ತದೆ. ಉದುರಿದ ಬೀಜಗಳಿಗೆ ಹಾಳೆಯ ಮೇಲೇ ಕಾಗದದ ಲಕೋಟೆ, ಬಲ ಕೆಳಮೂಲೆಯಲ್ಲಿ ಲೇಬಲ್.

ಬೀರುವಿಗೆ ಸೇರಿಸುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಒಂದು ಹಾಳೆಯಲ್ಲಿ ಹುಳುವಿದ್ದರೆ ಇಡೀ ಬೀರುವಿಗೆ ಹರಡುತ್ತದೆ. ಹೊರತೆಗೆದ ಚೀಲವನ್ನು ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬೇಡಿ, ತೇವ ಗಿಡದ ಮೇಲೇ ಕೂರುತ್ತದೆ.

ಪಾಠಕ್ಕೆ ಒಂದೇ ಪ್ರಭೇದದ ನಾಲ್ಕೈದು ಹಾಳೆಗಳನ್ನು ಒಟ್ಟಿಗೆ ಹರಡಿ. ಎಲೆಯ ಗಾತ್ರ ಎಷ್ಟು ಬದಲಾಗಬಲ್ಲದೆಂದು ವಿದ್ಯಾರ್ಥಿಗಳಿಗೆ ಕಣ್ಣಾರೆ ಕಾಣುವುದು ಆಗಲೇ. ತೀರಾ ಹಳೆಯ ಹಾಳೆಗಳನ್ನು ಕೈಗವಸು ಇಲ್ಲದೆ ಮುಟ್ಟಿಸಬೇಡಿ. ಹಿಂದೆ ಹುಳು ತಡೆಯಲು ವಿಷಕಾರಿ ಪಾದರಸದ ಕ್ಲೋರೈಡ್ ಬಳಿಯುತ್ತಿದ್ದರು. ಗಿಡದ ವೈಜ್ಞಾನಿಕ ಹೆಸರು ಬದಲಾದರೆ ಹೊಸ ಚೀಟಿಯನ್ನು ಪಕ್ಕದಲ್ಲಿ ಅಂಟಿಸಿ, ಹಳೆಯದನ್ನು ಕೀಳಬೇಡಿ.