ದಾಸವಾಳದ ಕೆಂಪನ್ನು ಉಳಿಸಿಕೊಂಡ ಬಗೆ

ಶಿರಸಿಯ ನಮ್ಮ ಮನೆಯಂಗಳದ ಐದೆಸಳಿನ ಕೆಂಪು ದಾಸವಾಳ ಪೂಜೆಗೂ ಬೇಕು, ತಂಬುಳಿಗೂ ಬೇಕು. ಅದರ ಶರಬತ್ತು ಮಾಡಿಡಲು ಹೊರಟ ಮೊದಲ ಸಲ ಇಪ್ಪತ್ತು ಹೂವಿನ ಎಸಳುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಕುದಿಸಿದೆ. ಇಳಿಸುವಷ್ಟರಲ್ಲಿ ಎಸಳು ಬಿಳಿಚಿಕೊಂಡು, ನೀರು ಮಸಿ ಕದಡಿದಂತಾಗಿತ್ತು. ದಾಸವಾಳದ ಕೆಂಪಿಗೆ ಕಾರಣವಾದ ಆಂಥೋಸಯಾನಿನ್ ಕಬ್ಬಿಣದೊಡನೆ ಕೂಡಿದರೆ ಕಪ್ಪಿಡುತ್ತದೆ, ಹೆಚ್ಚು ಕಾಯಿಸಿದರೆ ಒಡೆದುಹೋಗುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ.

ಈಗ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆಯೇ ತೊಟ್ಟು, ಕೇಸರ ತೆಗೆದ ಎಸಳುಗಳನ್ನು ಹಾಕಿ ಹತ್ತು ನಿಮಿಷ ಮುಚ್ಚಿಡುತ್ತೇನೆ. ಹಿಂಡಿದರೆ ಲೋಳೆ ಇಳಿಯುವುದರಿಂದ ಸುಮ್ಮನೆ ಸೋಸುತ್ತೇನೆ. ಸೋಸಿದ ನೀರು ಮಂಕು ನೇರಳೆಯಾಗಿರುತ್ತದೆ. ನಿಂಬೆರಸ ಬಿದ್ದ ಜಾಗದಿಂದ ಗುಲಾಬಿ ಗೆರೆಯೊಂದು ಎದ್ದು, ಚಮಚ ಆಡಿಸುತ್ತಿದ್ದಂತೆ ಇಡೀ ಪಾತ್ರೆ ಮಾಣಿಕ್ಯದಂತೆ ಕೆಂಪಾಗುತ್ತದೆ. ಹುಳಿಯಲ್ಲಿ ಈ ಬಣ್ಣ ಕೆಂಪಾಗಿ ನಿಲ್ಲುತ್ತದೆ, ಅಡುಗೆ ಸೋಡಾ ಬಿದ್ದರೆ ಹಸಿರಿಗೆ ತಿರುಗುತ್ತದೆ. ಮುರುಗಲು ಹಾಕಿದರೂ ಆದೀತು. ಆದರೆ ಅದರ ಸಿಪ್ಪೆಯಲ್ಲೂ ಆಂಥೋಸಯಾನಿನ್ ಇರುವುದರಿಂದ ಹೂವಿನ ಬಣ್ಣವೆಷ್ಟು, ಹಣ್ಣಿನದೆಷ್ಟು ಎಂದು ಗೊತ್ತಾಗುವುದಿಲ್ಲ.

ಬಣ್ಣ ಕೊಡುವ ಈ ಅಣುವೇ ಎಲೆಕ್ಟ್ರಾನ್ ಬಿಟ್ಟುಕೊಟ್ಟು, ಬೇರೆ ವಸ್ತುಗಳು ಆಕ್ಸಿಡೀಕರಣದಿಂದ ಕೆಡುವುದನ್ನು ತಡೆಯುವ ಆಂಟಿಆಕ್ಸಿಡೆಂಟ್ ಆಗಿಯೂ ಕೆಲಸ ಮಾಡುತ್ತದೆ. ಅದನ್ನು ಕಣ್ಣಾರೆ ನೋಡಬೇಕೆಂದು ತೆಳುವಾದ ಗಂಜಿತಿಳಿಗೆ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿ, ಕಡುನೀಲಿಯಾದ ಆ ನೀರಿಗೆ ಹೂವಿನ ರಸವನ್ನು ಚಮಚ ಚಮಚವಾಗಿ ಬೆರೆಸಿದೆ. ರಸದಿಂದ ಎಲೆಕ್ಟ್ರಾನ್ ಪಡೆದ ಅಯೋಡಿನ್ ಗಂಜಿಗೆ ನೀಲಿ ಕೊಡುವುದಿಲ್ಲ. ಹೊಸ ರಸಕ್ಕೆ ನೀಲಿ ಬೇಗ ಅಳಿಯಿತು. ಅತಿಯಾಗಿ ಕುದಿಸಿದ ರಸ ಹೆಚ್ಚು ಬೇಕಾಯಿತು. ನಿಂಬೆಯ ಸಿ ಜೀವಸತ್ವವೂ ನೀಲಿಯನ್ನು ಅಳಿಸುವುದರಿಂದ ಈ ಪರೀಕ್ಷೆಯನ್ನು ನಿಂಬೆರಸ ಹಾಕುವ ಮೊದಲೇ ಮಾಡಬೇಕು, ಪರೀಕ್ಷಿಸಿದ ನೀರನ್ನು ಚೆಲ್ಲಲೇಬೇಕು. ಇದು ಲೋಟದೊಳಗಿನ ಗುಣವನ್ನಷ್ಟೇ ತೋರಿಸುತ್ತದೆ. ಇದನ್ನು ನೋಡಿ ಶರಬತ್ತು ಕಾಯಿಲೆ ವಾಸಿಮಾಡುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಶಂಖಪುಷ್ಪದ ನೀಲಿ ಇಷ್ಟು ಸೂಕ್ಷ್ಮವಲ್ಲ. ಅದರ ಟರ್ನಾಟಿನ್‌ಗಳು ಹೆಚ್ಚು ಗಟ್ಟಿಯಾದ ಆಂಥೋಸಯಾನಿನ್‌ಗಳಾದ್ದರಿಂದ ಬೇಸಿಗೆಯಲ್ಲಿ ಅಟ್ಟದ ನೆರಳಿನಲ್ಲಿ ಒಣಗಿಸಿಟ್ಟ ಹೂವು ಮಳೆಗಾಲದಲ್ಲೂ ನೀಲಿ ಬಿಡುತ್ತದೆ. ಚೆಂಡುಹೂವಿನ ಹಳದಿ ಲ್ಯೂಟೀನ್ ಮಾತ್ರ ನೀರಿಗೆ ಇಳಿಯದು, ಅದಕ್ಕೆ ತುಪ್ಪ ಬೇಕು. ಔಷಧಿ ಸಿಂಪಡಿಸಿರಬಹುದೆಂದು ಪೇಟೆಯ ಹೂವನ್ನು ಅಡುಗೆಗೆ ಮುಟ್ಟುವುದಿಲ್ಲ. ಕಣಗಿಲೆ ವಿಷದ ಹೂವು. ಅದನ್ನು ಕೊಯ್ದ ಬುಟ್ಟಿಯನ್ನೇ ನಾನು ಬೇರೆ ಇಡುತ್ತೇನೆ.